ತೊಗರಿ ಕಾಳಿನಷ್ಟು ಪೇಸ್ಟು

ಇಂಡಿ ಪಟ್ಟಣದ ಬಜಾರದಲ್ಲಿ ಕಾಂತುವಿನಷ್ಟು ತಿಳಿದವರು ಯಾರೂ ಇಲ್ಲ. ಹಾಗೆಂದು ಹೇಳಿದವನೂ ಕಾಂತುವೇ. ಬಹಳ ವರ್ಷಗಳಿಂದ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ವಿಡಿಯೋ ಮಾಡುವ ಈ ಮಹಾಶಯ ಮದುಮಗನ ಗದ್ದ ಹಿಡಿದು ತಿರುಗಿಸುತ್ತಾನೆ, ಬೀಗರನ್ನು ಗದರಿಸುತ್ತಾನೆ, ಹೊಟ್ಟೆತುಂಬ ಉಂಡೆದ್ದು, ಉಪ್ಪಿಲ್ಲ ಹುಳಿಯಿಲ್ಲ ಎಂದು ಅಡಿಗೆಗೆ ಹೆಸರಿಡುತ್ತಾನೆ. ಅವನ ಕಣ್ಣಿಗೆ ಹಳ್ಳಿಯವರು ದಡ್ಡರು, ಪೇಟೆಯವರು ಜುಗ್ಗರು.

ಆ ಬೇಸಿಗೆಯಲ್ಲಿ ಅವನ ಕಂಪ್ಯೂಟರ್ ಕೈಕೊಟ್ಟಿತು. ಲಚ್ಯಾಣ ಹಳ್ಳಿಯ ಇಂದ್ರಾಬಾಯಿಯ ಮಗಳು ಸುವರ್ಣಾಳ ಮದುವೆಯ ವಿಡಿಯೋ ಎಡಿಟ್ ಮಾಡಲು ಕೂತರೆ ಸಾಕು, ಪ್ರೊಸೆಸರ್ ಕಾದು ಯಂತ್ರ ತಾನಾಗಿ ಆರಿಹೋಗುತ್ತಿತ್ತು. ಇಂದ್ರಾಬಾಯಿಯೋ ದಿನ ಬಿಟ್ಟು ದಿನ ಬಸ್ಸು ಹತ್ತಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮದುವೆಯಾದ ತಿಂಗಳೊಳಗೆ ಅವಳ ಅಣ್ಣ ಗುರುಲಿಂಗಪ್ಪ ತೀರಿಕೊಂಡಿದ್ದ. ಅವನ ದನಿ ಆ ವಿಡಿಯೋದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಒಂದು ಕಡೆ ಅವನು ನಗುತ್ತಾ, "ಇಂದ್ರವ್ವ, ನೀ ಉಂಡಿಯೋ ಇಲ್ಲೋ?" ಎಂದು ಕೇಳುತ್ತಾನೆಂದು ಕಾಂತುವೇ ಹೇಳಿದ್ದ. ಅದೊಂದನ್ನು ಕೇಳಿದರೆ ಸಾಕೆಂದು ಆಕೆ ಕಾದಿದ್ದಳು.

ಎದುರು ಸಾಲಿನಲ್ಲಿ ಮುಬಿನಳ ಕಂಪ್ಯೂಟರ್ ರಿಪೇರಿ ಅಂಗಡಿ. ಅವಳ ನಾಲಿಗೆಯೂ ಚೂಪು. ಯಾರನ್ನೂ ಆಡಿಕೊಂಡು ನಗದೆ ಬಿಟ್ಟವಳಲ್ಲ. ಕಾಂತುವಿನ ತೊಂದರೆ ಕೇಳಿ, ಪ್ರೊಸೆಸರಿಗೂ ಅದನ್ನು ತಂಪಾಗಿಡುವ ಫ್ಯಾನಿಗೂ ನಡುವೆ ಇರುವ ಪೇಸ್ಟು ಒಣಗಿದೆ, ಒರೆಸಿ ಹೊಸದು ಹಾಕಬೇಕು ಎಂದಳು.

"ಬೂದಿ ಬಣ್ಣದ್ದು ತಗೋರಿ. ಬೆಳ್ಳಿಗತೆ ಹೊಳಿಯೋದರಾಗ ಕರೆಂಟ್ ಹಾಯತೈತಿ, ಅದರ ಗೊಡವಿ ಬ್ಯಾಡ. ತೊಗರಿ ಕಾಳಿನಷ್ಟು ನಡುವ ಇಟ್ಟು ಒತ್ರಿ, ತಾನ ಹರಡತೈತಿ."

ನಿನ್ನೆ ಮೊನ್ನೆ ಅಂಗಡಿ ತೆರೆದವಳಿಂದ ಕಾಂತು ಪಾಠ ಹೇಳಿಸಿಕೊಳ್ಳುವುದುಂಟೇ? ಹೊಳೆಯುವುದನ್ನೇ ತರಿಸಿದ. ಬೆಳ್ಳಿಯಂಥದ್ದು ಬೂದಿಯಂಥದ್ದಕ್ಕಿಂತ ಕೀಳಾಗುವುದು ಹೇಗೆ ಎಂಬುದು ಆ ಘನ ಮೆದುಳಿನ ಲೆಕ್ಕ. ಇನ್ನು ತೊಗರಿ ಕಾಳಿನ ಮಾತು ಅವನಿಗೆ ಅವಮಾನವೇ ಆಯಿತು. ಸುರಗಿ ಶಾಸ್ತ್ರದ ದಿನ ಮದುಮಗಳ ಕೆನ್ನೆಗೆ ಅರಿಷಿಣವನ್ನು ಬೆರಳ ತುದಿಯಲ್ಲಿ ಹಚ್ಚುವವರನ್ನು ಕ್ಯಾಮೆರಾದ ಹಿಂದಿನಿಂದಲೇ ಬೈದು, ಅಂಗೈ ತುಂಬ ಬಳಿಸುತ್ತಿದ್ದವನು ಅವನು. ಹಾಗೆಯೇ ಇಲ್ಲೂ ಟ್ಯೂಬು ಪೂರ್ತಿ ಹಿಂಡಿ ಅಂಚಿನವರೆಗೂ ಬಳಿದ. ಫ್ಯಾನು ಬಿಗಿದ ಕೂಡಲೇ ಅದು ಪಕ್ಕದಿಂದ ಉಕ್ಕಿ ಬೋರ್ಡಿನ ಮೇಲೆ ಹರಿಯಿತು. ನೋಡುವ ತಾಳ್ಮೆಯಾದರೂ ಎಲ್ಲಿತ್ತು? ಸ್ವಿಚ್ ಹಾಕಿದ. ಚಟ್ಟೆಂದಿತು, ಸುಟ್ಟ ವಾಸನೆ ಬಂತು.

ಹೋದದ್ದು ಬೋರ್ಡು. ವಿಡಿಯೋ ಇದ್ದ ಹಾರ್ಡ್ ಡಿಸ್ಕಿಗೆ ಏನೂ ಆಗಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ರಸ್ತೆ ದಾಟಿ ಮುಬಿನಳ ಕೈಗೆ ಕೊಟ್ಟಿದ್ದರೆ ಅವಳು ತನ್ನ ಯಂತ್ರಕ್ಕೆ ಜೋಡಿಸಿ ವಿಡಿಯೋ ತೆಗೆದುಕೊಡುತ್ತಿದ್ದಳು. ಬಜಾರಕ್ಕೆಲ್ಲ ಕೇಳುವಂತೆ ನಗುತ್ತಲೂ ಇದ್ದಳು. ಆ ನಗುವಿಗೆ ಹೆದರಿ ಈ ಹೇಡಿ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿಗೆ ಹಾಕಿದ.

"ಎಲ್ಲಾ ಸುಟ್ಟು ಹೋತವ್ವ. ಬಿಸಿಲ ಹಂತಾದ್ದೈತಿ, ನಾ ಏನ ಮಾಡ್ಲಿ?" ಎಂದ ಇಂದ್ರಾಬಾಯಿಗೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ನೀನೇನು ಬೇಕೆಂದು ಮಾಡಿಲ್ಲವಲ್ಲ ಎಂದು ಅವನನ್ನೇ ಸಮಾಧಾನ ಮಾಡಿ ಹೋದಳು. ಮುಂದೆ ಹೊಸ ಕಂಪ್ಯೂಟರ್ ಬಂತು. ಡಿಸ್ಕನ್ನು ತಾನೇ ಜೋಡಿಸಿ ನೋಡಬಹುದಿತ್ತು. ಆದರೆ ಆಡಿದ ಸುಳ್ಳನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು, ಆ ಗಂಡಸುತನ ಅವನಲ್ಲಿರಲಿಲ್ಲ.

ಗುರುಲಿಂಗಪ್ಪನ ವರ್ಷದ ಪುಣ್ಯತಿಥಿಗೆ ಫೋಟೋ ತೆಗೆಯಲು ಇಂದ್ರಾಬಾಯಿ ಕಾಂತುವನ್ನೇ ಕರೆಸಿದಳು. ಬಂದವನು ಎಂದಿನಂತೆ ಎಲ್ಲರನ್ನೂ ಗದರಿಸಿ ಸಾಲಾಗಿ ನಿಲ್ಲಿಸಿದ. ಪಂಕ್ತಿಗೆ ಬಡಿಸುತ್ತಿದ್ದ ಇಂದ್ರಾಬಾಯಿ ರೊಟ್ಟಿಯ ಬುಟ್ಟಿ ಹಿಡಿದು ಅವನ ಮುಂದೆ ಬಂದು ನಿಂತಳು.

"ಕಾಂತು, ನೀ ಉಂಡಿಯೋ ಇಲ್ಲೋ?"

ಅಣ್ಣನದೇ ಮಾತು, ಅಣ್ಣನದೇ ರಾಗ. ಎಡಿಟ್ ಮಾಡಲು ಕೂತಾಗಲೆಲ್ಲ ವಿಡಿಯೋದಲ್ಲಿ ಕಾಂತುವಿಗೆ ಕೇಳಿಸಿದ್ದುದು ಅದೇ. ಕಾಂತು ಅವಳ ಮುಖ ನೋಡದೆ ಪಂಕ್ತಿಯ ತುದಿಗೆ ಕೂತು ಹಾಕಿದ್ದನ್ನೆಲ್ಲ ಉಂಡ. ಅವತ್ತು ಅಡಿಗೆಗೆ ಹೆಸರಿಡಲಿಲ್ಲ.