ಅಲ್ಮಿಡಾ ಮತ್ತು ಐದನೆಯ ಬುಟ್ಟಿ

ಅಲ್ಮಿಡಾ ನಮ್ಮ ಆಲೂಗೆಡ್ಡೆ ಬೆಳೆಗಾರರ ಸಂಘದ ಗೋದಾಮಿನ ಮೇಲ್ವಿಚಾರಕಿ. ಮಧ್ಯಾಹ್ನ ಇಗರ್ಜಿಯ ಗಂಟೆ ಹೊಡೆದರೆ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿ ನಡೆದು ಮನೆಗೆ ಹೋಗುತ್ತಾಳೆ. ಪಾರ್ಶ್ವವಾಯು ಬಡಿದ ಗಂಡ ರೆಯಾಲ್ ಬೇರೆ ಯಾರ ಕೈತುತ್ತಿಗೂ ಬಾಯಿ ತೆರೆಯುವುದಿಲ್ಲ. ಅವನಿಗೆ ಉಣ್ಣಿಸಿ ಮತ್ತೆ ಕೆಲಸಕ್ಕೆ ಬರುತ್ತಾಳೆ.

ಹಿಮದ ಭಾರಕ್ಕೆ ಹಳೆಯ ಗೋದಾಮಿನ ಮಾಡು ಬಾಗಿತು. ಹೊಸದನ್ನು ಎಲ್ಲಿ ಕಟ್ಟಬೇಕೆಂಬ ತೀರ್ಮಾನದ ಉಸ್ತುವಾರಿಯನ್ನು ಸಂಘ ಅವಳಿಗೇ ಒಪ್ಪಿಸಿತು. ಮೂರು ಜಾಗಗಳಿದ್ದವು: ನದಿಯ ಬಯಲು, ಊರೊಳಗಿನ ಪಾಳು ರೈಲ್ವೆ ಅಂಗಳ, ದೂರದ ಗುಡ್ಡದ ಇಳಿಜಾರು. ಇಂಥ ವಿಷಯದಲ್ಲಿ ನಮ್ಮ ಕಣಿವೆಯವರ ಕ್ರಮವೇ ಬೇರೆ. ಮೊದಲು ಯಾವುದು ಎಷ್ಟು ಮುಖ್ಯ ಎಂದು ಗೊತ್ತು ಮಾಡಬೇಕು; ಆಮೇಲೆ ಜಾಗಗಳಿಗೆ ಅಂಕ. ಸಭಾಂಗಣದಲ್ಲಿ ಐದು ಬುಟ್ಟಿ ಇಟ್ಟೆವು: ವಿದ್ಯುತ್ತು, ಲಾರಿಯ ದಾರಿ, ನೆರೆಯ ಭಯ, ಫಲವತ್ತಾದ ಮಣ್ಣು, ಕೆಲಸಗಾರರ ಓಡಾಟ. ಪ್ರತಿ ಸದಸ್ಯನ ಕೈಗೂ ಹತ್ತು ಆಲೂಗೆಡ್ಡೆ. ತನಗೆ ಮುಖ್ಯವೆನಿಸಿದ ಬುಟ್ಟಿಗೆ ಹಾಕುತ್ತಾನೆ. ಬುಟ್ಟಿಯಲ್ಲಿ ಎಷ್ಟು ಗೆಡ್ಡೆಯೋ ಆ ವಿಷಯಕ್ಕೆ ಅಷ್ಟು ತೂಕ.

ಗುಡ್ಡ ಗೆದ್ದಿತು. ಇಳಿಜಾರನ್ನು ಅಗೆದು ಕಟ್ಟಿದರೆ ನೆಲದ ತಂಪೇ ಸಾಕು, ತಂಪು ಮಾಡುವ ಯಂತ್ರಕ್ಕೆ ಕೆಲಸ ಕಡಿಮೆ. ಲೆಕ್ಕ ಸರಿಯಾಗಿತ್ತು. ಆದರೆ ಐದನೆಯ ಬುಟ್ಟಿಯ ತಳ ಕಾಣುತ್ತಿತ್ತು. ಅಲ್ಲಿದ್ದ ಕೆಲಸಗಾರರಲ್ಲಿ ಒಬ್ಬರೂ ಅದಕ್ಕೆ ಹಾಕಿರಲಿಲ್ಲ. ಗುಡ್ಡದಿಂದ ಮಧ್ಯಾಹ್ನ ನಡೆದು ಮನೆಗೆ ಬರಲಾಗದ ಅಲ್ಮಿಡಾ ಕೂಡ.

"ಯಾಕೆ ಹಾಕಲಿಲ್ಲ?" ಎಂದು ಸಂಘದ ಲೆಕ್ಕ ಬರೆಯುವ ನಾನು ಅಧ್ಯಕ್ಷ ಒನೆಸಿಮ್‌ನನ್ನು ಕೇಳಿದೆ. ಅವನೂ ಗೋದಾಮಿನಲ್ಲೇ ಮೂಟೆ ಹೊತ್ತವನು.

"ಎಲ್ಲರ ಕಣ್ಣೆದುರು ನಮ್ಮ ಕಾಲಿನ ಸುಖಾನ ನಾವೇ ಕೇಳ್ಕೊಳ್ಳೋದಾ ಮೇಡಂ? ನಮ್ಮಮ್ಮ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾಳೆ!"

"ಹಾಗಾದರೆ ನೀವು ಅಳೆದದ್ದು ಜಾಗವನ್ನಲ್ಲ, ನಾಚಿಕೆಯನ್ನು. ಬುಟ್ಟಿಗಳನ್ನ ಪರದೆಯ ಹಿಂದೆ ಇಡಿ. ಮತ್ತೆ ಹಾಕಿ."

ಅಲ್ಮಿಡಾ ಎದ್ದು ನಿಂತಳು. "ಇಸ್ಪೀಟಿನ ಎಲೆ ನೋಡಿದ್ಮೇಲೆ ಆಟದ ನಿಯಮ ಬದಲಾಯಿಸ್ತೀರಾ? ನನ್ನ ಗಂಡನ ಹೆಸರಲ್ಲಿ ಊರು ನಗೋ ಹಾಗೆ ಮಾಡ್ಬೇಡಿ."

"ರೆಯಾಲ್ ಹೆಸರು ನಾನು ಎತ್ತಲೇ ಇಲ್ಲ."

"ಎತ್ತಬೇಕಾ? ಎಲ್ರೂ ನನ್ನೇ ನೋಡ್ತಿದಾರಲ್ಲ!"

ಅವಳ ಮಾತಿನಲ್ಲಿ ನ್ಯಾಯವಿತ್ತು. ಫಲ ಕಂಡ ಮೇಲೆ ತೂಕ ತಿದ್ದುವುದು ಕೆಟ್ಟ ಅಭ್ಯಾಸ. ಆದರೆ ಮೊದಲ ತೂಕವೇ ಸುಳ್ಳಾಗಿದ್ದರೆ ಅದಕ್ಕೆ ಕಟ್ಟುಬೀಳುವುದು ಇನ್ನೂ ಕೆಟ್ಟದ್ದು. ಸಭೆ ನನ್ನ ಮಾತಿಗೆ ಒಪ್ಪಿತು. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ ಬಂದರು. ಅಲ್ಮಿಡಾ ಹೋಗಲಿಲ್ಲ, ಅವಳ ಪಾಲಿನ ಗೆಡ್ಡೆಗಳು ಮಡಿಲಲ್ಲೇ ಉಳಿದವು.

ಪರದೆ ಸರಿಸಿದಾಗ ಐದನೆಯ ಬುಟ್ಟಿ ತುಂಬಿತ್ತು. ಒನೆಸಿಮ್ ಸೂರು ನೋಡತೊಡಗಿದ. ಅಂಕ ಕೂಡಿಸಿದರೆ ಕೂದಲೆಳೆಯ ಅಂತರದಲ್ಲಿ ರೈಲ್ವೆ ಅಂಗಳ ಮುಂದೆ. ಅಲ್ಲಿ ವಿದ್ಯುತ್ತು ಹೆಚ್ಚು ಬೇಕು, ನಿಜ. ಆದರೆ ಕೆಲಸಗಾರರ ಕಾರುಗಳೆಲ್ಲ ದಿನಾ ಗುಡ್ಡ ಹತ್ತಿ ಇಳಿದರೆ ಸುಡುವ ಎಣ್ಣೆಯೂ ಲೆಕ್ಕಕ್ಕೆ ಬರಬೇಕಲ್ಲ. ಅದು ಆ ಬುಟ್ಟಿಯಲ್ಲೇ ಇತ್ತು. ಬುಟ್ಟಿ ಖಾಲಿಯಿದ್ದಾಗ ಯಾರಿಗೂ ಕಾಣಲಿಲ್ಲ.

ರೈಲ್ವೆ ಅಂಗಳದಲ್ಲಿ ಹೊಸ ಗೋದಾಮು ಎದ್ದು ನಿಂತಿದೆ. ಅಲ್ಮಿಡಾಳೇ ಮೇಲ್ವಿಚಾರಕಿ. ಒಂದು ಮಧ್ಯಾಹ್ನ ರಸ್ತೆಯಲ್ಲಿ ಎದುರಾದಾಗ, "ರೆಯಾಲ್ ಹೇಗಿದಾನೆ?" ಎಂದು ಕೇಳಿದೆ.

"ಹೊಟ್ಟೆ ಹಸಿದಿದೆ ಅವನಿಗೆ. ದಾರಿ ಬಿಡಿ," ಎಂದಳು.

ಬಿಟ್ಟೆ.