ಕಾರಣ ಕೇಳದವರು

ನಮ್ಮ ಗೆಳತಿ ಟೈಲರ್. ಮಾತು ಚುರುಕು, ಅದಕ್ಕೇ ನಾವೆಲ್ಲ ಅವಳನ್ನು ಕತ್ತರಿ ಎನ್ನುತ್ತಿದ್ದೆವು. ಈಚೆಗೆ ಒಂದು ಮಧ್ಯಾಹ್ನ ಅಂಗಡಿಯ ಮೇಜಿನ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ. ಕಾಲೇಜಿನಿಂದ ಬಂದ ಮಗಳು, ಅಮ್ಮನಿಗೆ ನಿದ್ದೆ ಬಂದಿದೆ ಎಂದುಕೊಂಡು ಫ್ಯಾನ್ ಹಾಕಿದ್ದಳಂತೆ. ಹೃದಯ ಬಹಳ ದಿನಗಳಿಂದ ಸೋತಿತ್ತು ಎಂದರು ಡಾಕ್ಟರು. ಬಹಳ ದಿನ ಎಂಬ ಆ ಮಾತು ನನಗೆ ಇನ್ನೂ ಅರಗಿಲ್ಲ. ವಾರ ವಾರ ಅವಳ ಮುಖ ನೋಡುತ್ತಿದ್ದವರು ನಾವು.

ನಾವು ಎಂದರೆ ಮಕ್ಕಳನ್ನು ಸಾಕುತ್ತ ಸ್ವಂತ ದುಡಿಮೆ ನಡೆಸುವ ಹೆಂಗಸರು. ಕೇಕ್ ಮಾಡಿ ಮಾರುವವಳು, ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ಇಟ್ಟವಳು, ಪುಸ್ತಕಗಳ ಕರಡು ತಿದ್ದುವ ನಾನು, ಇನ್ನೂ ಕೆಲವರು. ಒಬ್ಬರ ಗಿರಾಕಿಯನ್ನು ಇನ್ನೊಬ್ಬರಿಗೆ ಪರಿಚಯಿಸಲು ಕಟ್ಟಿಕೊಂಡ ಗುಂಪು ಅದು. ಬರಬರುತ್ತ ಕೈಬದಲಿ ಸೇರಿಕೊಂಡಿತು: ಒಬ್ಬಳಿಗೆ ಆಗದ ದಿನ ಅವಳ ಕೆಲಸಕ್ಕೆ ಇನ್ನೊಬ್ಬಳು ಹೆಗಲು ಕೊಡುವುದು. ಕತ್ತರಿಯ ಕೆಲಸವಾದರೆ, ಹೊಲಿಗೆ ಬಲ್ಲವಳು ತನ್ನ ಮನೆಯ ಮೆಷಿನ್ನಿನಲ್ಲಿ ಹೊಲಿಯಬಹುದು; ಬಾರದವಳೂ ಗುಂಡಿ ಹಾಕಬಹುದು, ಅಂಚು ಮಡಿಸಬಹುದು, ಇಸ್ತ್ರಿ ಮಾಡಿ ತಲುಪಿಸಬಹುದು.

ಆದರೆ ಕೈಬದಲಿ ಕೇಳಿದವಳು ಕಟಕಟೆಯಲ್ಲಿ ನಿಂತಂತಾಗುತ್ತಿತ್ತು. ಮಗುವಿಗೆ ಮತ್ತೆ ಜ್ವರವೇ, ಅತ್ತೆ ಎಲ್ಲಿ, ಗಂಡನಿಗೇನು ಧಾಡಿ ಎಂದು ನಾವೇ ಕೆದಕುತ್ತಿದ್ದೆವು. ಒಂದು ದಿನ ಪಾರ್ಲರಿನವಳು ಉತ್ತರ ಕೊಡಲಾಗದೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಕತ್ತರಿ ಅವಳ ಕೈಹಿಡಿದು ಕರೆತಂದು ನಮ್ಮ ಕಡೆ ತಿರುಗಿದಳು.

"ಕಾರಣ ಕೇಳೋಕೆ ಮನೇಲಿ ಒಂದು ದಂಡೇ ಇದೆ, ಇಲ್ಲೂ ಬೇಕಾ? ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಅಂದಿನಿಂದ ಅದೇ ಕಟ್ಟುಪಾಡು. ಅದರಿಂದ ಒಳ್ಳೆಯದೂ ಆಯಿತು. ಹೊಡೆಯುವ ಗಂಡನನ್ನು ಬಿಡಲು ಪಾರ್ಲರಿನವಳು ಕೈಬದಲಿ ಕೇಳಿದ ದಿನಗಳಲ್ಲೆಲ್ಲ ವಕೀಲರ ಬಳಿ ಅಲೆದದ್ದು, ಎಲ್ಲ ಮುಗಿದ ಮೇಲೆ ಅವಳೇ ಹೇಳಿದಾಗ ನಮಗೆ ತಿಳಿಯಿತು. ಕೆದಕಿದ್ದರೆ ತಾನು ಹೋಗುತ್ತಲೇ ಇರಲಿಲ್ಲ ಎಂದಳು.

ಈ ವರ್ಷ ಕತ್ತರಿ ನನಗೆ ಪರದೆಗಳ ಅಂಚು ಮಡಿಸಲು ಕೊಡತೊಡಗಿದಳು. ಕರಡು ತಿದ್ದುವವಳೇ, ಅಂಚಿನಲ್ಲಿ ಕಾಗುಣಿತ ತಪ್ಪಬೇಡ ಎಂದು ಕಿಚಾಯಿಸಿದಳು. ನಾನು ಹೂಂ ಎಂದೆ.

ಅವಳು ಹೋದ ಮೇಲೆ ಅವಳ ಗಿರಾಕಿಗಳ ಬಟ್ಟೆ ಮುಗಿಸಿಕೊಡೋಣವೆಂದು ಅಂಗಡಿಯಲ್ಲಿ ಸೇರಿದೆವು. ನನ್ನ ಚೀಲದಲ್ಲಿ ಪರದೆಗಳಿದ್ದವು. ಕೇಕಿನವಳು ಮಕ್ಕಳ ಫ್ರಾಕುಗಳನ್ನು ತಂದಿದ್ದಳು, ಪಾರ್ಲರಿನವಳು ಶರ್ಟಿನ ಕಾಲರುಗಳನ್ನು. ನನಗೊಬ್ಬಳಿಗೇ ಕೊಟ್ಟಿದ್ದಾಳೆ ಎಂದುಕೊಂಡಿದ್ದೆ ಎಂದು ಒಬ್ಬೊಬ್ಬಳೂ ಹೇಳುತ್ತ ಹೋದಂತೆ ನಾನು ಚೀಲಗಳನ್ನು ಎಣಿಸತೊಡಗಿದೆ.

ಪಾರ್ಲರಿನವಳು ಮೆಷಿನ್ನಿನ ಮುಚ್ಚಳ ತೆಗೆದಳು. ದಿನದ ಕೆಲಸ ಮುಗಿದಾಗ ಕತ್ತರಿ ಸೂಜಿಯ ಕೆಳಗೆ ಒಂದು ಚಿಂದಿ ಇಟ್ಟು ಮುಚ್ಚುವುದು ರೂಢಿ. ಆ ಚಿಂದಿಯನ್ನು ಎಳೆದರೆ ಬರಲಿಲ್ಲ. ಸೂಜಿ ತುಕ್ಕು ಹಿಡಿದು ಬಟ್ಟೆಗೆ ಕಚ್ಚಿಕೊಂಡಿತ್ತು.

"ಅಮ್ಮ ಹೊಲಿಯೋದು ಬಿಟ್ಟು ಎಷ್ಟೋ ತಿಂಗಳಾಯ್ತಲ್ಲ ಆಂಟಿ," ಎಂದಳು ಮಗಳು. "ಪೆಡಲ್ ತುಳಿದ್ರೆ ಏದುಸಿರು ಬರ್ತಿತ್ತು. ಬರೀ ಕತ್ತರಿಸಿ ನಿಮಗೆ ಕೊಡ್ತಿದ್ಲು. ಡಾಕ್ಟರ ಹತ್ರ ಹೋಗೋಣ ಅಂದ್ರೆ, ಆಂಟಿಯರಿಗೆಲ್ಲ ಗೊತ್ತಿದೆ, ಅವರು ನೋಡ್ಕೋತಾರೆ, ನೀನು ಓದ್ಕೋ ಅಂತಿದ್ಲು."

ಹುಡುಗಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಒಬ್ರೂ ಕೇಳ್ಲಿಲ್ವಾ?"

ಕೇಳಬಾರದು ಎಂದು ನಿಮ್ಮಮ್ಮನೇ ಹೇಳಿದ್ದಳು ಎಂದು ಕೇಕಿನವಳ ಬಾಯಿಂದ ಬಂದುಬಿಟ್ಟಿತು. ಅಂದ ಕೂಡಲೇ ಬಾಯಿ ಮುಚ್ಚಿಕೊಂಡಳು. ಹುಡುಗಿ ನಮ್ಮ ಚೀಲಗಳನ್ನೆಲ್ಲ ಒಳಗಿಟ್ಟುಕೊಂಡು, ತಾನೇ ಮುಗಿಸುತ್ತೇನೆ, ನೀವು ಹೊರಡಿ ಎಂದಳು. ನಾವು ರಸ್ತೆಗೆ ಇಳಿಯುವ ಮೊದಲೇ ಹಿಂದೆ ಷಟರ್ ಬಿತ್ತು.

ಆಮೇಲೆ ಗುಂಪಿನಲ್ಲಿ ಮಾತಿಗೆ ಮಾತು ಬೆಳೆಯಿತು. ಕಟ್ಟುಪಾಡು ಉಳಿದರೆ ತಾನಿರುವುದಿಲ್ಲ ಎಂದಳು ಕೇಕಿನವಳು. ಅದು ಹೋದರೆ ತಾನಿರುವುದಿಲ್ಲ ಎಂದಳು ಪಾರ್ಲರಿನವಳು. ನನಗೆ ಇಬ್ಬರದೂ ಸರಿಯೆನಿಸಿತು. ಆ ಹುಡುಗಿ ನಮ್ಮ ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ನನಗೆ ಅವಳದೇ ಚಿಂತೆ.

ನಿನ್ನೆ ಬೆಳಿಗ್ಗೆ ಅವಳೇ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅದೇ ಪರದೆಗಳ ಚೀಲ.

"ಆಂಟಿ, ಇದನ್ನ ಮುಗಿಸಿಕೊಡ್ತೀರಾ? ನಂಗೆ ಆಗ್ತಿಲ್ಲ."

ರೂಢಿಯ ಹೂಂ ನಾಲಿಗೆಯ ತುದಿಗೆ ಬಂತು. ಅವಳು ಚೀಲವನ್ನು ಬಿಡದೆ ಹಿಡಿದುಕೊಂಡೇ ನಿಂತಿದ್ದಳು. ಕಣ್ಣು ಗುಳಿಬಿದ್ದಿತ್ತು.

"ಯಾಕಮ್ಮಾ ಆಗ್ತಿಲ್ಲ?" ಎಂದೆ.

ಸೂಜಿ ಹಿಡಿದರೆ ಕೈ ನಿಲ್ಲುವುದಿಲ್ಲ, ಅನ್ನ ಸೇರುವುದಿಲ್ಲ, ಮನೆಗೆ ಹೋಗಲು ಭಯ ಎನ್ನುತ್ತ ಹೊಸ್ತಿಲ ಮೇಲೇ ಕುಸಿದು ಕೂತಳು. ನಾನು ಒಲೆ ಆರಿಸಿ ಬಂದು ಅವಳ ಪಕ್ಕ ಕೂತೆ. ಇನ್ನೂ ಹೇಳು ಎಂದೆ.