ರೇಂಜ್ ಬೇಡದ ಅಲಾರಾಂ

ದೀಪ ಹಚ್ಚುವ ಹೊತ್ತಿಗೆ ನನ್ನ ಮೊಬೈಲಿನ ಅಲಾರಾಂ ಬಡಿದರೆ "ಅಜ್ಜಿ, ಬಿಪಿ ಮಾತ್ರೆ!" ಎಂದು ಕೂಗುತ್ತೀರಿ. ನಾನು ಮಾತ್ರೆ ಹಿಡಿದು ಮೊದಲು ಪಡುವಣ ಕಿಟಕಿಗೆ ಹೋಗುತ್ತೇನೆ. ಊರೊಳಗಿನ ಕುಲಶೇಖರದ ಈ ಮನೆಯಿಂದ ಕಡಲು ಕಾಣುವುದಿಲ್ಲ. ಆದರೂ ಯಾಕೆ ಎಂದು ಕೇಳಿದ್ದೀರಿ. ಎದುರಿಗೆ ಹೇಳಲು ನಾಚಿಕೆ. ಬರೆದಿಡುತ್ತಿದ್ದೇನೆ, ದೊಡ್ಡವರಾದ ಮೇಲೆ ಓದಿಕೊಳ್ಳಿ.

ಆಗ ಕಡಲ ಬದಿಯ ಉಳ್ಳಾಲದಲ್ಲಿದ್ದೆವು. ನೀವು ನೋಡದ ನಿಮ್ಮ ಅಜ್ಜ ಬಂದರಿನ ದಕ್ಕೆಯಿಂದ ಮೀನಿನ ಬೋಟಿನಲ್ಲಿ ಹೋದರೆ ವಾರ ಕಳೆದೇ ಬರುತ್ತಿದ್ದರು. ಎರಡನೇ ಹೆರಿಗೆಯಲ್ಲಿ ನನಗೆ ಬಹಳ ರಕ್ತ ಹೋಗಿತ್ತು. ಇನ್ನೊಂದು ಬಸಿರು ನಿಂತರೆ ಜೀವಕ್ಕೇ ಅಪಾಯ. ಮಕ್ಕಳಾಗದ ಆಪರೇಷನ್ನಿಗೆ ಮೈಯಲ್ಲಿ ರಕ್ತ ಸಾಲದು, ಅದು ಏರುವವರೆಗೆ ಬಸಿರು ನಿಲ್ಲದ ಮಾತ್ರೆ ನುಂಗಿ ಎಂದರು ಡಾಕ್ಟರು. ನಾನು ಬೋಟು ಬಂದ ದಿನಗಳಲ್ಲಿ ಮಾತ್ರ ನುಂಗಿದೆ. ಗಂಡ ಇಲ್ಲದ ಮನೆಯಲ್ಲಿ ಆ ಮಾತ್ರೆ ಯಾಕೆ? ಮುಟ್ಟು ತಡವಾದಾಗ ಇಬ್ಬರೂ ಹೆದರಿ ಆಸ್ಪತ್ರೆಗೆ ಓಡಿದೆವು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅಲ್ಲಿಯ ನರ್ಸ್ ನಿಮ್ಮ ಅಜ್ಜನೆದುರೇ ನನಗೆ ಬೈದರು:

"ಅವರು ಕಡಲಲ್ಲಿದ್ರೂ ದಿನಾ ತಿನ್ಬೇಕಮ್ಮ. ಇದೆಂತ ತಲೆನೋವಿನ ಮಾತ್ರೆಯಾ, ಬಂದಾಗ ಮಾತ್ರ ನುಂಗ್ಲಿಕ್ಕೆ?"

ನಾನು ನೆಲ ನೋಡಿದೆ. ಅಜ್ಜ ಹೊರಗೆ ಬಂದವರೇ ಬಸ್ ಸ್ಟಾಪಿನಲ್ಲಿ ನಿಂತು ನನ್ನ ಬಟನ್ ಫೋನಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲಾರಾಂ ಇಟ್ಟರು. ಆಮೇಲೆ ತಮ್ಮದರಲ್ಲೂ ಅದೇ ಹೊತ್ತಿಗೆ ಇಟ್ಟರು.

"ನಿಮಗೆ ಎಂತಕ್ಕೆ?"

"ಕಡಲಲ್ಲಿ ರೇಂಜ್ ಇಲ್ಲ, ಫೋನ್ ಮಾಡ್ಲಿಕ್ಕೆ ಆಗುದಿಲ್ಲ. ಅಲಾರಾಂಗೆ ರೇಂಜ್ ಬೇಡ ಮಾರಾಯ್ತಿ."

ದಿನಾ ಅದೇ ಹೊತ್ತಿಗೆ ಅಲಾರಾಂ ಬಡಿದರೆ ಬೋಟಿನವರು ಬಿಡುತ್ತಾರೆಯೇ? "ಎಂತ ಮಾರಾಯ, ಈ ಪ್ರಾಯದಲ್ಲೇ ಶುಗರಾ?" ಎಂದು ಛೇಡಿಸಿದರಂತೆ. "ಹೌದು, ಇವತ್ತಿನ ಮಾತ್ರೆ ಆಯ್ತು" ಎಂದು ಇವರು ಬಲೆಯ ಕಡೆ ನಡೆದರಂತೆ.

ಬೇರೆ ಹೊತ್ತಿನಲ್ಲಿ ಅವರು ಎಲ್ಲಿದ್ದಾರೆ, ಉಂಡರೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಆ ಒಂದು ಗಳಿಗೆ ಮಾತ್ರ ಗೊತ್ತು: ಕಿಸೆಯಿಂದ ಫೋನ್ ತೆಗೆದಿದ್ದಾರೆ, ನನ್ನನ್ನು ನೆನೆದಿದ್ದಾರೆ. ಹಿತ್ತಿಲ ಬಾಗಿಲಲ್ಲಿ ಕಡಲಿಗೆ ಮುಖ ಮಾಡಿ ನುಂಗುತ್ತಿದ್ದೆ. ಮತ್ತೆ ಒಂದು ದಿನವೂ ತಪ್ಪಲಿಲ್ಲ.

ರಕ್ತ ಏರಿತು, ಆಪರೇಷನ್ ಆಯಿತು. ಮಂಚದ ಪಕ್ಕ ಕುಳಿತು ಅವರು ನನ್ನ ಫೋನ್ ಕೈಗೆತ್ತಿಕೊಂಡರು.

"ಇನ್ನು ಮಾತ್ರೆ ಇಲ್ಲ. ಇದನ್ನು ತೆಗಿಲಾ?"

ಇರಲಿ ಎನ್ನಲು ನನಗೆ ನಾಚಿಕೆ. ಅವರು ನನ್ನ ಮುಖ ನೋಡಿದರು. ಫೋನನ್ನು ಹಾಗೆಯೇ ದಿಂಬಿನ ಬಳಿ ಇಟ್ಟರು. ತಮ್ಮದನ್ನೂ ಮುಟ್ಟಲಿಲ್ಲ.

ಬಿಪಿ ಮಾತ್ರೆ ಶುರುವಾದಾಗ ನಿಮ್ಮ ಅಪ್ಪ, "ಅಲಾರಾಂ ಬೆಳಿಗ್ಗೆಗೆ ಇಡ್ಲಾ ಅಮ್ಮ?" ಎಂದು ಕೇಳಿದ. ಬೇಡ, ದೀಪ ಹಚ್ಚುವ ಹೊತ್ತಿಗೆ ಇಡು ಎಂದೆ.